ಕ್ಯಾರಿ ಗ್ರಾಂಟ್ ಬೀಳದ ಸಿನಿಮಾ

ಕ್ಯಾರಿ ಗ್ರಾಂಟ್ ನನ್ನ ಅಚ್ಚುಮೆಚ್ಚಿನ ನಟ ಎಂಬುದು ನನ್ನ ಬರಹಗಳನ್ನು ಓದುತ್ತ ಬಂದವರಿಗೆಲ್ಲ ಗೊತ್ತಿರುವ ಸಂಗತಿ. ಹೀಗಾಗಿ 1940ರ ‘ದ ಫಿಲಡೆಲ್ಫಿಯಾ ಸ್ಟೋರಿ’ ನನಗೆ ಹಿಡಿಸುವುದಿಲ್ಲ ಎಂದಾಗಲೆಲ್ಲ, ನಾನು ಬೇಕೆಂದೇ ತಕರಾರು ತೆಗೆಯುತ್ತಿದ್ದೇನೆ ಎಂದು ಸ್ನೇಹಿತರು ಭಾವಿಸುತ್ತಾರೆ. ಕಳೆದ ವಾರ ಅದನ್ನು ಮೂರನೆಯ ಬಾರಿ ನೋಡಿದೆ. ಮೊದಲೆರಡು ಸಲ ನನ್ನ ಮನಸ್ಸೇ ನೆಟ್ಟಗಿರಲಿಲ್ಲವೇನೋ ಎಂಬ ಅನುಮಾನ ಈಗ ಪೂರ್ತಿ ಪರಿಹಾರವಾಗಿದೆ.

ಸಿನಿಮಾ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಫಿಲಿಪ್ ಬ್ಯಾರಿಯ ನಾಟಕದಿಂದ ಬಂದ ಮಾತುಗಳು ಚುರುಕಾಗಿವೆ, ಜಾರ್ಜ್ ಕ್ಯೂಕರ್ ನಿರ್ದೇಶನ ನಯವಾಗಿದೆ, ಜೇಮ್ಸ್ ಸ್ಟೀವರ್ಟ್‌ಗೆ ಶ್ರೇಷ್ಠ ನಟ ಆಸ್ಕರ್ ಬಂದದ್ದು ಇದೇ ಚಿತ್ರಕ್ಕೆ. ಕ್ಯಾಥರಿನ್ ಹೆಪ್‌ಬರ್ನ್ ಪಾಲಿಗಂತೂ ಇದು ಮರುಜನ್ಮ. 1938ರಲ್ಲಿ ಚಿತ್ರಮಂದಿರಗಳ ಮಾಲೀಕರು ಆಕೆಯನ್ನು ಗಲ್ಲಾಪೆಟ್ಟಿಗೆಯ ವಿಷ ಎಂದು ಬಹಿರಂಗವಾಗಿ ಜರೆದಿದ್ದರು; ಆಕೆ ಬ್ರಾಡ್‌ವೇ ರಂಗಭೂಮಿಯಲ್ಲಿ ಈ ಪಾತ್ರವನ್ನು ಗೆಲ್ಲಿಸಿ, ಚಿತ್ರದ ಹಕ್ಕನ್ನೂ ಕೈಯಲ್ಲಿಟ್ಟುಕೊಂಡೇ ಹಾಲಿವುಡ್‌ಗೆ ಮರಳಿದಳು. ಅಂಥ ಗಟ್ಟಿಗಿತ್ತಿಯ ಪುನರಾಗಮನಕ್ಕೆ ಒದಗಿದ ಕತೆ ಗರ್ವಭಂಗದ ಕತೆಯಾಗಿತ್ತು ಎನ್ನುವುದು ನನಗೆ ಇಂದಿಗೂ ಕಸಿವಿಸಿಯ ವಿಷಯ.

ಆರಂಭದ ದೃಶ್ಯವನ್ನೇ ನೋಡಿ. ಒಂದೂ ಮಾತಿಲ್ಲ. ಗಂಡ ಡೆಕ್ಸ್‌ಟರ್ (ಗ್ರಾಂಟ್) ಮನೆ ಬಿಟ್ಟು ಹೊರಟಿದ್ದಾನೆ. ಹೆಂಡತಿ ಟ್ರೇಸಿ (ಹೆಪ್‌ಬರ್ನ್) ಬಾಗಿಲಿಗೆ ಬಂದು, ಅವನ ಗಾಲ್ಫ್ ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿದು ಹಾಕುತ್ತಾಳೆ. ಅವನು ಹಿಂತಿರುಗಿ ಬಂದು, ಮುಷ್ಟಿ ಎತ್ತಿ, ಮತ್ತೆ ಬೇಡವೆನಿಸಿದವನಂತೆ ಅಂಗೈಯನ್ನು ಅವಳ ಮುಖದ ಮೇಲಿಟ್ಟು ದೂಡುತ್ತಾನೆ. ಅವಳು ಹಾಗೇ ಹಿಂದಕ್ಕೆ ಉರುಳುತ್ತಾಳೆ. ಪ್ರೇಕ್ಷಕರು ನಗಬೇಕಾದ ಜಾಗ ಇದು. ನಾನು ಮೂರು ಸಲವೂ ನಗಲಿಲ್ಲ.

ಆ ನೂಕು ನನ್ನನ್ನು ಕಾಡಲು ಬೇರೊಂದು ಕಾರಣವೂ ಇದೆ. ಗ್ರಾಂಟ್ ಬಾಲ್ಯದಲ್ಲೇ ದೊಂಬರಾಟ ಕಲಿತು, ಬಾಬ್ ಪೆಂಡರ್ ತಂಡದ ಜೊತೆ 1920ರಲ್ಲಿ ನ್ಯೂಯಾರ್ಕ್‌ಗೆ ಬಂದವನು. ಬೀಳುವುದು ಅವನ ಕುಲವಿದ್ಯೆ. ‘ದ ಆಫುಲ್ ಟ್ರೂತ್’ನಲ್ಲಿ, ಹೆಂಡತಿಯ ಮೇಲಿನ ಸಂಶಯದಿಂದ ಸಂಗೀತ ಕಚೇರಿಯೊಂದಕ್ಕೆ ನುಗ್ಗಿ, ಮರ್ಯಾದಸ್ಥನಂತೆ ಕುರ್ಚಿ ಹಿಡಿದು ಕುಳಿತು, ಆ ಕುರ್ಚಿಯ ಸಮೇತ ಮಗುಚಿ ಬೀಳುವವನು ಅವನು. ‘ಬ್ರಿಂಗಿಂಗ್ ಅಪ್ ಬೇಬಿ’ಯಲ್ಲಿ ಇದೇ ಹೆಪ್‌ಬರ್ನ್‌ಳ ಗೌನು ತೊಟ್ಟು, ಅವಳ ಚಿಕ್ಕಮ್ಮನ ಎದುರು ಕುಪ್ಪಳಿಸುವವನೂ ಅವನೇ. ಅಷ್ಟು ಸುಂದರನಾದ ಗಂಡಸು ಪೆದ್ದನಂತೆ ಕಾಣಿಸಿಕೊಳ್ಳಲು ಹಿಂಜರಿಯುವುದಿಲ್ಲ ಎಂಬುದರಲ್ಲೇ ಅವನ ಮೋಡಿ ಇರುವುದು. ಈ ಚಿತ್ರದಲ್ಲಿ ಮಾತ್ರ ಅವನು ಜೇಬಿನಲ್ಲಿ ಕೈಯಿಟ್ಟು, ಗೋಡೆಗೊರಗಿ, ಎಲ್ಲ ಬಲ್ಲವನಂತೆ ಇತರರ ಎಡವಟ್ಟುಗಳನ್ನು ನೋಡುತ್ತ ನಿಲ್ಲುತ್ತಾನೆ. ಬೀಳುವ ಪಾಳಿ ಅವಳದು.

ವಿಚ್ಛೇದನವಾಗಿ ಟ್ರೇಸಿ ಈಗ ಬೇರೊಬ್ಬನನ್ನು ಮದುವೆಯಾಗಲು ಹೊರಟಿದ್ದಾಳೆ; ಅವಳನ್ನು ಬೀಳಿಸಲು ಚಿತ್ರದ ಗಂಡಸರು ಸರದಿಯಲ್ಲಿ ನಿಂತಿದ್ದಾರೆ. ಈಜುಕೊಳದ ಬಳಿ ಡೆಕ್ಸ್‌ಟರ್, ಇತರರ ದೌರ್ಬಲ್ಯವನ್ನು ಸಹಿಸಲಾರದವಳು ಎಂದು ಅವಳಿಗೆ ಉಪದೇಶ ಮಾಡುತ್ತಾನೆ. ಆ ದೌರ್ಬಲ್ಯವೆಂದರೆ ಅವನ ಕುಡಿತ. ಇದಾದರೂ ಹೋಗಲಿ. ನರ್ತಕಿಯೊಬ್ಬಳ ಸಹವಾಸಕ್ಕೆ ಬಿದ್ದ ಅಪ್ಪ ಮದುವೆಯ ಮುನ್ನಾದಿನ ಮನೆಗೆ ಬಂದು, ಮಗಳ ಅಕ್ಕರೆ ತನಗೆ ದಕ್ಕಿದ್ದರೆ ತಾನು ಹಾಗೆ ಹೊರಗೆ ಹುಡುಕುತ್ತಿರಲಿಲ್ಲ ಎಂಬರ್ಥದ ಮಾತಾಡುತ್ತಾನೆ. ಹೆಂಡತಿ ಪಕ್ಕದಲ್ಲೇ ಇದ್ದಾಳೆ! ಇದನ್ನು ಚಿತ್ರ ಗೇಲಿ ಮಾಡಿದ್ದರೆ ನನ್ನ ತಕರಾರಿಲ್ಲ. ಆದರೆ ಚಿತ್ರ ಅವನ ಮಾತನ್ನು ಗಂಭೀರವಾಗಿ ಸ್ವೀಕರಿಸುತ್ತದೆ, ಟ್ರೇಸಿಯೂ ಸ್ವೀಕರಿಸುತ್ತಾಳೆ, ಕೊನೆಗೆ ಅವನ ಮುಂದೆಯೇ ತಾನೀಗ ಮನುಷ್ಯಳಾದೆ ಎಂಬಂತೆ ಹಿಗ್ಗುತ್ತಾಳೆ.

ಕಾಲ ಹಾಗಿತ್ತು ಎಂಬ ಸಮಾಧಾನವನ್ನು ನಾನು ಒಪ್ಪಲಾರೆ. ಅದೇ 1940ರಲ್ಲಿ ಬಂದ ‘ಹಿಸ್ ಗರ್ಲ್ ಫ್ರೈಡೇ’ಯಲ್ಲೂ ಗ್ರಾಂಟ್ ಮಾಜಿ ಗಂಡನೇ, ಮಾಜಿ ಹೆಂಡತಿಯ ಹೊಸ ಮದುವೆಯನ್ನು ಮುರಿಯಲು ಹೊರಟವನೇ. ಅಲ್ಲಿ ಅವನು ಅಪ್ಪಟ ಕಿಲಾಡಿ, ಹಾಗೆಂದು ಚಿತ್ರಕ್ಕೆ ಗೊತ್ತು, ಆ ಹೆಂಡತಿಯಾದ ರಾಸಲಿಂಡ್ ರಸೆಲ್‌ಳ ಪಾತ್ರಕ್ಕೂ ಗೊತ್ತು. ಅವಳು ಅವನ ಒಂದು ಮಾತಿಗೆ ಎರಡು ತಿರುಗೇಟು ಕೊಡುತ್ತಾಳೆ.

‘ದ ಫಿಲಡೆಲ್ಫಿಯಾ ಸ್ಟೋರಿ’ಯಲ್ಲಿ ನನಗೆ ಇಷ್ಟವಾದದ್ದು ಒಂದೇ ದೃಶ್ಯ. ಮದುವೆಯ ವರದಿಗೆ ಗಾಸಿಪ್ ಪತ್ರಿಕೆಯೊಂದು ಕಳಿಸಿದ ಬರಹಗಾರನ ಪಾತ್ರ ಸ್ಟೀವರ್ಟ್‌ದು; ನಡುರಾತ್ರಿ ಕುಡಿದು ಬಂದ ಅವನಿಗೆ ಮಾತಿನ ನಡುವೆ ಬಿಕ್ಕಳಿಕೆ ಬರುತ್ತದೆ; ಗ್ರಾಂಟ್ ನಗೆ ಅದುಮಿಕೊಂಡು, ಬಿಕ್ಕಳಿಕೆ ಬಂದದ್ದು ತನಗೇ ಎಂಬಂತೆ ಕ್ಷಮೆ ಕೇಳುತ್ತಾನೆ. ಉಪದೇಶಕ ಮರೆಯಾಗಿ ನಟ ಹೊರಬರುವ ಅರೆಗಳಿಗೆ ಅದು.

ಕೊನೆಯಲ್ಲಿ ಆ ಹೊಸ ಮದುವೆ ಮುರಿದುಬಿದ್ದು, ಸೇರಿದ ಅತಿಥಿಗಳಿಗೆ ಟ್ರೇಸಿ ಏನಾದರೂ ಹೇಳಬೇಕು. ಮಾತಿನ ಮಲ್ಲಿಯಾದ ಅವಳಿಗೆ ಮಾತೇ ಹೊರಡುವುದಿಲ್ಲ. ಡೆಕ್ಸ್‌ಟರ್ ಒಂದೊಂದೇ ವಾಕ್ಯ ಹೇಳಿಕೊಡುತ್ತಾನೆ, ಅವಳು ಗಿಳಿಯಂತೆ ಒಪ್ಪಿಸುತ್ತಾಳೆ. ಡೆಕ್ಸ್‌ಟರ್‌ನೊಂದಿಗಿನ ತನ್ನ ಮರುಮದುವೆಯ ಪ್ರಕಟಣೆಯನ್ನೂ ಅವನ ಬಾಯಿಂದಲೇ ಪಡೆಯುತ್ತಾಳೆ. ಅದಾದ ಮೇಲೆ ಗಾಸಿಪ್ ಪತ್ರಿಕೆಯ ಮಾಲೀಕ ಕ್ಯಾಮೆರಾ ಹಿಡಿದು ಎದ್ದು ನಿಂತು ಫೋಟೋ ಕ್ಲಿಕ್ಕಿಸುತ್ತಾನೆ, ಮದುವೆಯ ಸಾಲಿನಲ್ಲಿದ್ದವರು ಬೆಚ್ಚುತ್ತಾರೆ, ಚಿತ್ರ ಅಲ್ಲಿಗೇ ಸ್ತಬ್ಧವಾಗುತ್ತದೆ. ಆ ಸ್ಥಿರಚಿತ್ರದಲ್ಲಿ ಗ್ರಾಂಟ್ ಕೊನೆಗೂ ಪೇಚಿಗೆ ಸಿಕ್ಕಿದವನಂತೆ ಕಾಣುತ್ತಾನೆ. ನಾನು ನೋಡಲು ಕೂತಿದ್ದ ಆ ಮನುಷ್ಯ ಬರುವಷ್ಟರಲ್ಲಿ ಸಿನಿಮಾ ಮುಗಿದಿರುತ್ತದೆ.