ಕೆರೆದಷ್ಟೂ ಸುಖ

ಹಳೇ ಕಾರಿನ ಬಾನೆಟ್ ಎತ್ತಿದ ತಕ್ಷಣ ಎಂಜಿನ್ ನೋಡುವವರದ್ದು ಒಂದು ಜಾತಿ. ಬ್ಯಾಟರಿಯನ್ನು ಹಿಡಿದಿಟ್ಟಿರುವ ತುಕ್ಕು ಪಟ್ಟಿ ನೋಡುವವರದ್ದು ಇನ್ನೊಂದು. ನಾನು ಎರಡನೆಯವನು. ಆ ಪಟ್ಟಿ, ಹಾರ್ನ್ ಬ್ರಾಕೆಟ್, ಬಾಗಿಲಿನ ಹಿಂಜ್, ಒಂದು ಹಿಡಿ ನಟ್ಟು-ಬೋಲ್ಟು. ಭಾನುವಾರ ಬೆಳಿಗ್ಗೆ ಇಷ್ಟನ್ನು ಪೇಪರ್ ಮೇಲೆ ಹರಡಿಕೊಂಡು ಕೂತರೆ ಊಟದ ಹೊತ್ತಾದದ್ದೇ ತಿಳಿಯುವುದಿಲ್ಲ.

"ಎಸೀರಿ ಸಾರ್, ಹೊಸದು ಹಾಕ್ಸೋಣ" ಅನ್ನುತ್ತಾನೆ ಮೆಕ್ಯಾನಿಕ್. ಪ್ರೀಮಿಯರ್ ಪದ್ಮಿನಿಗೆ ಹೊಸದು ಎಲ್ಲಿಂದ ಬರಬೇಕು? ಮುಂಬೈಯ ಕುರ್ಲಾದಲ್ಲಿ ಆ ಕಾರು ತಯಾರಾಗುವುದು ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ತಡಕಾಡಿದರೆ ಏನೋ ಒಂದು ಸಿಗುತ್ತದೆ, ಆದರೆ ಅದರ ತೂತೇ ಬೇರೆ, ನಮ್ಮ ಬೋಲ್ಟೇ ಬೇರೆ.

ಮಳೆ, ಕಡಲಿನ ಉಪ್ಪುಗಾಳಿ ಎರಡೂ ಇರುವ ಕರಾವಳಿಯಲ್ಲಂತೂ ತುಕ್ಕಿಗೆ ಬಿಡುವೇ ಇಲ್ಲ. ತುಕ್ಕಾದ ಕಬ್ಬಿಣಕ್ಕೆ ಮೊದಲಿಗಿಂತ ಜಾಸ್ತಿ ಜಾಗ ಬೇಕು. ಅದಕ್ಕೇ ಬಣ್ಣ ಗುಳ್ಳೆಯಾಗಿ ಉಬ್ಬುವುದು. ಗುಳ್ಳೆಯ ಅಂಚಿಗೆ ಉಗುರು ಕೊಟ್ಟರೆ ಚಕ್ಕೆ ಚಟ್ ಅಂತ ಏಳುತ್ತದೆ. ಅಷ್ಟಕ್ಕೇ ಬಿಡಲು ಆಗುತ್ತದಾ? ಕಜ್ಜಿ ಕೆರೆದ ಹಾಗೆ, ಶುರುವಾಯಿತು ಅಂದರೆ ಮುಗಿಯಿತು.

ಆ ಚಕ್ಕೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಮೇಲೆ ಕಪ್ಪು, ಅದರಡಿ ಕೆನೆಬಿಳಿ, ತೀರಾ ಅಡಿಯಲ್ಲಿ ತಿಳಿನೀಲಿ. ಈ ಕಾರು ಒಂದು ಕಾಲಕ್ಕೆ ನೀಲಿ ಇತ್ತು ಅಂತ ಯಾರೂ ಹೇಳದಿದ್ದರೂ ಹಾರ್ನ್ ಬ್ರಾಕೆಟ್ ಹೇಳುತ್ತದೆ. ಯಾರೋ ಪುಣ್ಯಾತ್ಮ ಬೋಲ್ಟ್ ಬಿಚ್ಚುವ ಗೋಜಿಗೇ ಹೋಗದೆ, ಅದರ ತಲೆ ಸಮೇತ ದಪ್ಪಗೆ ಬಣ್ಣ ಬಳಿದಿದ್ದಾನೆ. ಬೈಯೋಣ ಅಂದರೆ, ಸರಿಯಾಗಿ ಆ ಜಾಗಕ್ಕೆ ಮಾತ್ರ ತುಕ್ಕು ಹಿಡಿದಿಲ್ಲ!

ಇಂಥ ಬಣ್ಣವನ್ನು ಒಣಗಿದ್ದಾಗ ಉಜ್ಜಬಾರದು. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಅದರ ಧೂಳು ವಿಷ. ನಮ್ಮಲ್ಲಿ ಮನೆಗೆ ಬಳಿಯುವ ಬಣ್ಣಕ್ಕೇ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಸೀಸದ ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಎಮರಿ ಪೇಪರನ್ನು ನೀರಲ್ಲಿ ಅದ್ದಿ ಉಜ್ಜಿದರೆ ಧೂಳು ಏಳುವುದಿಲ್ಲ. ಕಾಸ್ಟಿಕ್ ಸೋಡಾದಲ್ಲಿ ನೆನೆಸಿದರೆ ಬಣ್ಣ ಸುಲಭವಾಗಿ ಬಿಡುತ್ತದೆ, ನಿಜ. ಆದರೆ ಅದು ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ನಮ್ಮ ಚರ್ಮವನ್ನೂ ಬಿಡುವುದಿಲ್ಲ.

ತುಕ್ಕಿಗೆ ಗ್ರೈಂಡರ್ ಹಿಡಿಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅದು ತುಕ್ಕಿನ ಜೊತೆ ಒಳ್ಳೆ ಕಬ್ಬಿಣವನ್ನೂ ತೆಗೆಯುತ್ತದೆ. ಸಣ್ಣ ಸಾಮಾನಿಗೆ ವಿನಿಗರ್ ಸಾಕು. ರಾತ್ರಿ ಮುಳುಗಿಸಿಟ್ಟರೆ ಬೆಳಿಗ್ಗೆ ಹೊತ್ತಿಗೆ ಹಳೇ ಹಲ್ಲುಜ್ಜುವ ಬ್ರಶ್ಶಿಗೇ ಬಿಟ್ಟುಬರುತ್ತದೆ. ಆಮೇಲೆ ಅಡುಗೆ ಸೋಡಾ ನೀರಲ್ಲಿ ಅದ್ದಿ, ತೊಳೆದು, ತಕ್ಷಣ ಒರೆಸಬೇಕು. ನಡುವೆ ಫೋನ್ ಬಂತು ಅಂತ ಎದ್ದು ಹೋದರೆ, ಮಾತು ಮುಗಿಯುವಷ್ಟರಲ್ಲಿ ತೆಳ್ಳಗೆ ಹಳದಿ ತುಕ್ಕು ಮತ್ತೆ ಬಂದು ಕೂತಿರುತ್ತದೆ. ಸ್ಪ್ರಿಂಗನ್ನು ಮಾತ್ರ ಹುಳಿಗೆ ಹಾಕಬೇಡಿ, ಪಟಕ್ಕನೆ ಮುರಿಯುವಂತಾಗಬಹುದು.

ನೋಡೋಕೆ ಚಂದ ಅಂದರೆ ಕರೆಂಟಿನ ಪದ್ಧತಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ನೀರು. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಮೈನಸ್ ವೈರು ನಮ್ಮ ಬ್ರಾಕೆಟ್ಟಿಗೆ, ಪ್ಲಸ್ ಒಂದು ಗುಜರಿ ಕಬ್ಬಿಣಕ್ಕೆ. ಸ್ವಿಚ್ ಹಾಕಿದರೆ ಬ್ರಾಕೆಟ್ಟಿನ ಮೈಯಿಂದ ಗುಳ್ಳೆಗಳು ಸಣ್ಣಗೆ ಏಳತೊಡಗುತ್ತವೆ. ಹೊತ್ತು ಕಳೆದಂತೆ ಕಂದು ನೊರೆ ಮೇಲೆ ತೇಲುತ್ತದೆ, ಗುಜರಿ ಕಬ್ಬಿಣ ಸವೆಯುತ್ತದೆ. ಗುಳ್ಳೆಯಲ್ಲಿರುವುದು ಹೈಡ್ರೋಜನ್. ಹಾಗಾಗಿ ಇದನ್ನು ಅಂಗಳದಲ್ಲೇ ಮಾಡಬೇಕು, ಬೀಡಿ-ಸಿಗರೇಟು ದೂರ. ಪ್ಲಸ್‌ಗೆ ಸ್ಟೀಲ್ ಚಮಚ ಸಿಕ್ಕಿಸುವುದೂ ಬೇಡ, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಸೇರುತ್ತದೆ.

ಮೂಲೆಯಲ್ಲಿ ಉಳಿದ ತುಕ್ಕಿಗೆ ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಸಿಗುತ್ತದೆ. ಹಚ್ಚಿದರೆ ಕಂದು ಬಣ್ಣ ನೀಲಿಗಪ್ಪಾಗುತ್ತದೆ. ಎಷ್ಟೋ ಕನ್ವರ್ಟರ್‌ಗಳಲ್ಲಿ ಇರುವುದು ಟ್ಯಾನಿನ್ ಅನ್ನುವ ಒಗರು ಪದಾರ್ಥ. ಬಾಳೆಕಾಯಿ ಹೆಚ್ಚುವಾಗ ಕಬ್ಬಿಣದ ಕತ್ತಿಯನ್ನು ಕಪ್ಪು ಮಾಡುವುದೂ ಅದೇ. ಅಜ್ಜಿಯಂದಿರು ದಿನಾ ನೋಡಿದ್ದನ್ನೇ ಈಗ ಬಾಟಲಿಗೆ ತುಂಬಿ ಮಾರುತ್ತಾರೆ, ಅಷ್ಟೇ.

ತಮಾಷೆ ಇರುವುದು ಕೊನೆಗೆ ಬಳಿಯುವ ರೆಡ್ ಆಕ್ಸೈಡಿನಲ್ಲಿ. ಆ ಕೆಂಪು ಯಾವುದು ಅಂದುಕೊಂಡಿರಿ? ಕಬ್ಬಿಣದ ಆಕ್ಸೈಡ್. ಸಂಡೂರಿನ ಗುಡ್ಡದಿಂದ ಲಾರಿಗೆ ತುಂಬುವ ಅದಿರೂ ಹೆಚ್ಚಾಗಿ ಅದೇ. ತುಕ್ಕು ಅಂದರೆ ಅದಕ್ಕೇ ಒಂದಿಷ್ಟು ನೀರು ಸೇರಿದ್ದು. ಬೆಳಿಗ್ಗೆಯಿಂದ ಕೆರೆದು ಓಡಿಸಿದ್ದನ್ನೇ ಸಂಜೆ ದುಡ್ಡು ಕೊಟ್ಟು ಡಬ್ಬಿಯಲ್ಲಿ ತಂದು, ಅದೇ ಬ್ರಾಕೆಟ್ಟಿಗೆ ನೀಟಾಗಿ ಬಳಿಯುತ್ತೇವೆ! ಡಬ್ಬಿಯಲ್ಲಿರುವುದು ಆಗಲೇ ಹೊಟ್ಟೆ ತುಂಬಾ ಆಕ್ಸಿಜನ್ ಉಂಡು ಕೂತದ್ದು. ಅದರಿಂದ ಕಬ್ಬಿಣಕ್ಕೆ ತೊಂದರೆ ಇಲ್ಲ.

ತೆಳ್ಳಗೆ ಎರಡು ಕೋಟ್ ಹೊಡೆದು ಒಣಗಲು ಬಿಟ್ಟರಾಯಿತು. ಬೋಲ್ಟಿನ ಥ್ರೆಡ್ಡಿಗೆ ಮಾತ್ರ ಬಣ್ಣ ಬೇಡ, ಚೂರು ಗ್ರೀಸ್ ಹಚ್ಚಿ. ಮುಂದೆ ಬಿಚ್ಚುವವರು ಬೈಯಬಾರದು, ಅಲ್ವಾ?