ಒಂಬತ್ತು ದಿನ ಸುತ್ತು, ಹತ್ತನೇ ದಿನ ಕೊಡಲಿ

ನಿನ್ನೆ ಸಂಜೆ ಕಂಡಿದ್ದು ಇನ್ನೂ ತಲೆಯಿಂದ ಇಳಿದಿಲ್ಲ. ಬರೆದು ಹಗುರಾಗುತ್ತೇನೆ. ಬೈಯುವವರು ಕೆಳಗೆ ಬೈಯಿರಿ.

ದಸರೆಗೆ ವಿಜಯಪುರದಿಂದ ಊರಿಗೆ ಹೊರಟಿದ್ದೆ. ದಾರಿ ಪಕ್ಕದ ಹೊಲದ ಬದುವಿನಲ್ಲಿ ಒಂದು ಬನ್ನಿಗಿಡ. ಟಂಟಂ ನಿಲ್ಲಿಸಿ ನಾಲ್ಕು ಹುಡುಗರು ಕೊಡಲಿ ಹಿಡಿದು ಮೇಲೆ ಹತ್ತಿದ್ದರು. ಎಲೆ ಹರಿಯುತ್ತಿರಲಿಲ್ಲ, ತೋಳು ದಪ್ಪದ ಟೊಂಗೆಗಳನ್ನೇ ಕಡಿದು ಕೆಡವುತ್ತಿದ್ದರು. ಬುಡದಲ್ಲಿ ಹಸಿರು ಬಳೆ, ಅರಿಶಿನ, ಎಣ್ಣೆ ಆರಿದ ಪಣತಿ. ಊರ ಹೆಣ್ಣುಮಕ್ಕಳು ನಸುಕಿನಲ್ಲಿ ಎದ್ದು ಬನ್ನಿ ಮಹಾಂಕಾಳಿ ಅಂತ ಒಂಬತ್ತು ದಿನ ಸುತ್ತು ಹಾಕಿದ ಗಿಡ ಅದು.

ಪಾಂಡವರು ಬನ್ನಿಯಲ್ಲಿ ಆಯುಧ ಬಚ್ಚಿಟ್ಟರಂತೆ. ನಮ್ಮವರು ಆಯುಧ ತಂದು ಬನ್ನಿಗೇ ಬೀಸಿದರು.

ಗಾಡಿ ನಿಲ್ಲಿಸಿ ಕೇಳಿದೆ. "ವರ್ಷಕ್ಕೊಮ್ಮೆ ಅಲ್ರೀ ಕಾಕಾ, ಮತ್ತ ಚಿಗೀತದ ಬಿಡ್ರಿ" ಅಂದ ಒಬ್ಬ.

ಚಿಗುರುತ್ತದೆ, ಗೊತ್ತು. ಆಡು-ಕುರಿಗೆ ಅಂತ ರೈತರೂ ಟೊಂಗೆ ಸವರುತ್ತಾರೆ. ಆದರೆ ಮುಂದಿನ ವರ್ಷವೂ ಅದೇ ಗಿಡದ ಹತ್ತಿರ ಬರಬೇಕಲ್ಲ, ಹಾಗಾಗಿ ಎಷ್ಟು ಬಿಡಬೇಕು ಅನ್ನೋ ಲೆಕ್ಕ ಅವರಿಗಿರುತ್ತದೆ. ಇವರಿಗೆ ಇರೋದು ದಸರೆಗೆ ಬಂಗಾರ ಅಂತ ಹಂಚೋ ಎಲೆಕಟ್ಟು ಒಂದಕ್ಕೆ ಎಷ್ಟು ಅನ್ನೋ ಲೆಕ್ಕ ಮಾತ್ರ. ಇವತ್ತು ಬೆಳಿಗ್ಗೆ ಮಾರ್ಕೆಟ್ ಕಡೆ ಹೋದರೆ, ಮಾರಾಟವಾಗದ ಕಟ್ಟುಗಳೆಲ್ಲ ಗಟಾರದಲ್ಲಿ. ಬಂಗಾರವಂತೆ ಬಂಗಾರ!

ಇದೇ ಬನ್ನಿಗೆ ರಾಜಸ್ಥಾನದಲ್ಲಿ ಖೇಜ್ರಿ ಅಂತಾರೆ. 1730ರಲ್ಲಿ ಜೋಧಪುರದ ರಾಜನ ಆಳುಗಳು ಸುಣ್ಣದ ಭಟ್ಟಿಗೆ ಸೌದೆ ಬೇಕೆಂದು ಖೇಜರ್ಲಿ ಹಳ್ಳಿಗೆ ಬಂದರು. ಅಮೃತಾದೇವಿ ಅನ್ನೋ ಬಿಷ್ಣೋಯಿ ಹೆಣ್ಣುಮಗಳು ಮರ ತಬ್ಬಿ ನಿಂತಳು. ಆಕೆಯೂ ಸೇರಿ 363 ಜನ ಸತ್ತರು. ಹಸಿ ಮರ ಕಡಿಯಬಾರದು ಅನ್ನೋದು ಅವರ ಗುರು ಜಂಭೇಶ್ವರರು ಹಾಕಿಕೊಟ್ಟ 29 ನೇಮಗಳಲ್ಲಿ ಒಂದು. ಅವರ ಭಕ್ತಿ ಕೊಡಲಿಗೆ ಅಡ್ಡ ನಿಂತಿತು. ನಾವು ಹಿಂದಿನ ದಿನವೇ ಖಂಡೇಪೂಜೆ ಮಾಡಿ ಕೊಡಲಿಗೂ ಕುಂಕುಮ ಹಚ್ಚಿರುತ್ತೇವೆ ನೋಡಿ.

"ದೇವರ ಹೆಸರು ಇಲ್ಲದಿದ್ದರೆ ಆ ಗಿಡ ಇಷ್ಟಾದರೂ ಉಳೀತಿತ್ತಾ?" ಅಂತ ಗೆಳೆಯನೊಬ್ಬ ರಾತ್ರಿ ಫೋನಿನಲ್ಲಿ ವಾದಕ್ಕಿಳಿದ. ಇರಬಹುದಪ್ಪಾ. ದೀಪ ಹಚ್ಚಿದ ಮೇಲೆ ಗಿಡ ಮಲಗಿರುತ್ತದೆ ಅಂತ ನಮ್ಮವ್ವ ಕರಿಬೇವಿನ ಒಂದು ಎಸಳನ್ನೂ ಹರಿಯಲು ಬಿಡುತ್ತಿರಲಿಲ್ಲ. ಅದೂ ದೇವರ ಹೆಸರೇ. ಆದರೆ ನಿನ್ನೆ ಟಂಟಂನಲ್ಲಿ ಬಂದಿದ್ದು ಅದಲ್ಲ, ಅಲ್ವಾ?

ಇಷ್ಟು ಬರೆದು ಒಂದು ಮಾತು ಮುಚ್ಚಿಟ್ಟರೆ ತಪ್ಪಾಗುತ್ತದೆ. ನಮ್ಮ ಹೊಲದ ಬನ್ನಿ ಕಡಿಸಿದ್ದು ನಾನೇ. ಆರು ವರ್ಷದ ಹಿಂದೆ. ಟ್ರ್ಯಾಕ್ಟರ್ ತಿರುಗಲು ಅಡ್ಡ ಆಗುತ್ತಿತ್ತು. ಅದರ ಕೆಳಗೆ ಎಳ್ಳಮಾವಾಸ್ಯೆಗೆ ಸುಣ್ಣ ಹಚ್ಚಿ ಪೂಜಿಸುವ ಐದು ಕಲ್ಲುಗಳಿದ್ದವು, ಪಾಂಡವರು. ಅವನ್ನು ಎತ್ತಿ ಬದುವಿನ ಮೇಲಿಟ್ಟೆ. ದೇವರಿಗೇನೂ ಕಡಿಮೆ ಮಾಡಿಲ್ಲ ಅಂತ ಸಮಾಧಾನವನ್ನೂ ಮಾಡಿಕೊಂಡೆ.

ಆ ವರ್ಷ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಬಂದು ಬುತ್ತಿ ಬಿಚ್ಚುವಾಗ ಅವ್ವ ಎಲ್ಲಿ ಕೂರಬೇಕೆಂದು ಸುತ್ತ ನೋಡಿದಳು. ಆಮೇಲೆ ತಲೆ ಮೇಲೆ ಸೆರಗು ಎಳೆದುಕೊಂಡು ಬದುವಿನ ಮೇಲೇ ಕುಳಿತಳು.

"ಪಾಂಡವ್ರೂ ಬಿಸಲಾಗ ಕುಂತಾರಲ್ಲೋ" ಅಂದಳು. ಸಜ್ಜೆರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟಳು.