ಗ್ರೆಗರ್ ಸಂಸಾನ ಮನೆಯವರನ್ನು ಬೈಯುವ ಮೊದಲು

ಒಂದು ಬೆಳಿಗ್ಗೆ ಎದ್ದು ನೋಡಿದರೆ ಗ್ರೆಗರ್ ದೊಡ್ಡ ಹುಳ ಆಗಿಬಿಟ್ಟಿರುತ್ತಾನೆ. ಕಾಫ್ಕಾ ಬರೆದ ಈ ಕಥೆ ‘ಮೆಟಮಾರ್ಫಸಿಸ್’ ಓದಿದವರು ಮೊದಲು ಬೈಯುವುದು ಗ್ರೆಗರ್‌ನ ಮನೆಯವರನ್ನು. ದುಡಿದು ಹಾಕುವಷ್ಟು ದಿನ ಮಗ ಬೇಕಿತ್ತು, ಹುಳ ಆದಮೇಲೆ ಬೇಡವಾದ ಅಂತ. ಸುಳ್ಳೇನಲ್ಲ. ಅಪ್ಪ ಎಸೆದ ಸೇಬು ಮಗನ ಬೆನ್ನಲ್ಲೇ ಹೂತು ಕೊಳೆಯುತ್ತೆ, ಯಾರೂ ತೆಗೆಯುವುದಿಲ್ಲ. ಆದರೆ ಈ ಕಥೆಯಲ್ಲಿ ಮನೆಯವರು ಗ್ರೆಗರ್‌ಗೆ ಅಂಟಿಕೊಂಡಿದ್ದಕ್ಕಿಂತ ಗ್ರೆಗರ್ ಅವರಿಗೆ ಜಾಸ್ತಿ ಅಂಟಿಕೊಂಡಿದ್ದ ಅಂತ ನನಗನ್ನಿಸುತ್ತೆ.

ಅವನ ದಿನಚರಿ ನೋಡಿ. ಬಟ್ಟೆ ಕಂಪನಿಯ ಸೇಲ್ಸ್‌ಮನ್, ವರ್ಷವಿಡೀ ರೈಲಿನಲ್ಲಿ ಓಡಾಟ. ಐದು ವರ್ಷದಲ್ಲಿ ಒಂದು ದಿನವೂ ಕಾಯಿಲೆ ಬಿದ್ದವನಲ್ಲ. ಅಪ್ಪನ ವ್ಯಾಪಾರ ಮುಳುಗಿದೆ, ಅಪ್ಪ ಮಾಡಿದ ಸಾಲ ಇವನ ಧಣಿಗೇ ಕೊಡಬೇಕು, ತೀರೋಕೆ ಇನ್ನೂ ಐದಾರು ವರ್ಷ ಬೇಕು. ಸಂಜೆ ಮನೆಯಲ್ಲಿದ್ದರೆ ಪೇಪರ್ ಓದುತ್ತಾನೆ, ಇಲ್ಲವೇ ರೈಲಿನ ವೇಳಾಪಟ್ಟಿ! ಇದನ್ನು ಅವನ ಅಮ್ಮ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಮನೆ ನಡೆಸುವುದೊಂದು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಬದುಕೇ ಇಲ್ಲ. ಮೊದಮೊದಲು ದುಡ್ಡು ತಂದಿಟ್ಟಾಗ ಮನೆಯಲ್ಲಿ ಸಂಭ್ರಮ. ಆಮೇಲೆ ಎಲ್ಲರಿಗೂ ಅಭ್ಯಾಸವಾಯಿತು. ಇವನು ಕೊಟ್ಟ, ಅವರು ತಗೊಂಡರು, ಅಷ್ಟೇ. ಈ ಮಾತನ್ನು ಕಾಫ್ಕಾ ಒಂದೆರಡು ವಾಕ್ಯದಲ್ಲಿ ಮುಗಿಸುತ್ತಾನೆ.

ಮಗ ಹುಳ ಆದ ಮೊದಲ ದಿನವೇ ಅಪ್ಪ ತಿಜೋರಿ ತೆಗೆದು ಲೆಕ್ಕ ಹೇಳುತ್ತಾನೆ. ಮುಳುಗಿದ ವ್ಯಾಪಾರದಲ್ಲಿ ಸ್ವಲ್ಪ ದುಡ್ಡು ಉಳಿದಿದೆ, ಗ್ರೆಗರ್ ಕೊಡುತ್ತಿದ್ದುದರಲ್ಲೂ ಮಿಗಿಸಿ ಕೂಡಿಟ್ಟಿದ್ದಾನೆ. ಸಾಲ ಬೇಗ ತೀರಿಸಿ ಮಗನನ್ನು ಆ ಕೆಲಸದಿಂದ ಬಿಡಿಸಬಹುದಿತ್ತು. ಬಾಗಿಲ ಹಿಂದೆ ಕೇಳಿಸಿಕೊಂಡ ಗ್ರೆಗರ್‌ಗೆ ಸಿಟ್ಟು ಬರಬೇಕಲ್ವಾ? ಅವನು ಖುಷಿಯಿಂದ ತಲೆಯಾಡಿಸುತ್ತಾನೆ. ಅಪ್ಪ ಮಾಡಿದ್ದೇ ಒಳ್ಳೆಯದಾಯಿತು ಅಂದುಕೊಳ್ಳುತ್ತಾನೆ. ಆದರೆ ಆ ಗಂಟು ಒಂದೆರಡು ವರ್ಷಕ್ಕಷ್ಟೇ ಸಾಲುತ್ತೆ. ಮುಂದೆ ಯಾರಾದರೂ ದುಡಿಯಲೇಬೇಕಲ್ಲ ಅನ್ನುವ ಮಾತು ಬಂದಾಗಲೆಲ್ಲ ನಾಚಿಕೆಯಿಂದ, ಸಂಕಟದಿಂದ ಸೋಫಾ ಮೇಲೆ ಬೀಳುತ್ತಾನೆ. ಹುಳ ಆಗಿದ್ದಕ್ಕೂ ಇಷ್ಟು ನಾಚಿದವನಲ್ಲ ಈ ಮಹಾರಾಯ.

ಅವನ ಕಣ್ಣಲ್ಲಿ ಅಪ್ಪ ಮುದುಕ, ಅಮ್ಮನಿಗೆ ಉಬ್ಬಸ, ಹದಿನೇಳರ ತಂಗಿ ಗ್ರೇಟೆ ಇನ್ನೂ ಮಗು. ಯಾರಿಂದಲೂ ಏನೂ ಆಗಲ್ಲ. ಆಮೇಲೆ ನೋಡಿದರೆ ಅಪ್ಪ ಬ್ಯಾಂಕಿನ ಜವಾನನಾಗಿ, ಬಂಗಾರದ ಬಣ್ಣದ ಗುಂಡಿಯ ಸಮವಸ್ತ್ರ ತೊಟ್ಟು ನೆಟ್ಟಗೆ ನಿಂತಿದ್ದಾನೆ. ಅಮ್ಮ ಹೊಲಿಗೆಗೆ ಕೂತಿದ್ದಾಳೆ. ಗ್ರೇಟೆ ಅಂಗಡಿ ಕೆಲಸಕ್ಕೆ ಹೋಗುತ್ತಾಳೆ, ರಾತ್ರಿ ಶಾರ್ಟ್‌ಹ್ಯಾಂಡ್, ಫ್ರೆಂಚ್ ಕಲಿಯುತ್ತಾಳೆ. ಸುಖವಾಗಿದ್ದಾರೆ ಅಂತಲ್ಲ, ಸುಸ್ತಾಗಿ ಕೂತಲ್ಲೇ ನಿದ್ದೆ ಹೋಗುತ್ತಾರೆ. ಆದರೆ ಮನೆ ನಡೆಯುತ್ತಿದೆ. ‘ನಾನಿಲ್ಲದಿದ್ದರೆ ಇವರ ಗತಿ ಏನು’ ಅನ್ನುವ ಒಂದೇ ಪ್ರಶ್ನೆಯ ಮೇಲೆ ನಿಂತಿದ್ದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ನನಗಂತೂ ಸೇಬಿನ ಏಟಿಗಿಂತ ಇದೇ ಜೋರಾಗಿ ಕಾಣುತ್ತೆ.

ಕಾಫ್ಕಾನ ಮನೆಯಲ್ಲೂ ಇಂಥದ್ದೇ ಜಗ್ಗಾಟ ಇತ್ತು. ಪ್ರಾಗ್‌ನಲ್ಲಿ ಹಗಲು ವಿಮಾ ಕಚೇರಿ, ರಾತ್ರಿ ಬರವಣಿಗೆ. ಅದರ ಮೇಲೆ ಮನೆಯವರ ಆಸ್‌ಬೆಸ್ಟಾಸ್ ಕಾರ್ಖಾನೆಯನ್ನೂ ನೋಡಿಕೋ ಅನ್ನುವ ಒತ್ತಾಯ. 1912ರ ಅಕ್ಟೋಬರ್‌ನಲ್ಲಿ ಅವನ ಮುದ್ದಿನ ತಂಗಿ ಒಟ್ಲಾ ಕೂಡ ಅಪ್ಪ ಅಮ್ಮನ ಕಡೆಗೇ ಮಾತಾಡಿದಳು. ಬದುಕೇ ಸಾಕು ಅನ್ನುವಷ್ಟು ನೊಂದು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಕಾಗದ ಬರೆದ. ಮುಂದಿನ ತಿಂಗಳು ಈ ಕಥೆ ಶುರು. ಇದರಲ್ಲಿ ಹುಳ ಆದ ಅಣ್ಣನ ಬಗ್ಗೆ ‘ಇದನ್ನು ತೊಲಗಿಸಲೇಬೇಕು’ ಅನ್ನುವವಳು ತಂಗಿ ಗ್ರೇಟೆಯೇ. ಆ ನೋವು ಇಲ್ಲಿಗೆ ಬಂದಿರಬೇಕು.

ಕೊನೆಯಲ್ಲಿ ಗ್ರೆಗರ್ ಸತ್ತ ದಿನವೇ ಅಪ್ಪ, ಅಮ್ಮ, ಗ್ರೇಟೆ ಮೂವರೂ ಕೆಲಸಕ್ಕೆ ರಜೆ ಹಾಕಿ ಟ್ರಾಮ್ ಹತ್ತಿ ಊರಾಚೆ ಹೋಗುತ್ತಾರೆ. ಗ್ರೆಗರ್ ಆರಿಸಿದ್ದ ಮನೆ ಬಿಟ್ಟು ಕಡಿಮೆ ಬಾಡಿಗೆಯ ಸಣ್ಣ ಮನೆ ಹಿಡಿಯೋಣ ಅಂತ ಮಾತಾಗುತ್ತೆ. ತುಂಬ ಜನ ಇದನ್ನು ಬಿಡುಗಡೆ ಅನ್ನುತ್ತಾರೆ. ನಾನು ಒಪ್ಪಲ್ಲ. ಅಲ್ಲೇ ಟ್ರಾಮ್‌ನಲ್ಲಿ ಅಪ್ಪ ಅಮ್ಮ ಮಗಳತ್ತ ನೋಡಿ, ಇವಳಿಗೊಂದು ಒಳ್ಳೆ ಗಂಡು ಹುಡುಕಬೇಕು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಗ್ರೇಟೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.